ನೂರ ಎಪ್ಪತ್ತೇಳನೆಯ ಪುಟ

ಅಕ್ಕನ ಮಗಳು ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂದಿತ್ತು: ‘ಲೇಖಕಿ ಈ ಕತೆಯನ್ನು ಮುಗಿಸದೆ ಬಿಟ್ಟಿರುವುದರ ಔಚಿತ್ಯವನ್ನು ವಿವರಿಸಿ.’ ಐದು ಅಂಕ. ಅವಳು ಒಂದೇ ಸಾಲು ಬರೆದು ಬಂದಳು: ‘ಲೇಖಕಿ ಮುಗಿಸಿದ್ದರು, ಕೊನೆಯ ಪುಟ ಅಚ್ಚಾಗಲಿಲ್ಲ, ಲೇಖಕಿ ನಮ್ಮಮ್ಮ.’ ಸೊನ್ನೆ ಬಂತು. ತಿದ್ದಿದ ಮಹಾನುಭಾವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಉದ್ಧಟತನ’ ಎಂದು ಬೇರೆ ಬರೆದಿದ್ದರು. ಅಕ್ಕ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಆಮೇಲೆ ಕೈ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ಯಾಕೆಂದರೆ ಪ್ರೆಸ್ಸಿನಲ್ಲಿ ಆ ಪುಟದ ಸೀಸದ ಅಚ್ಚುಮೊಳೆ ಜೋಡಿಸಿದವನು ನಾನು. ಬಿಚ್ಚಿದವನೂ ನಾನೇ. ಇದನ್ನು ನಲವತ್ತು ವರ್ಷ ಯಾರಿಗೂ ಹೇಳಲಿಲ್ಲ.

ಪುಸ್ತಕದ ಹೆಸರು ‘ಹನ್ನೊಂದು ಆಕಾಶ’. ಹನ್ನೊಂದು ಜನ ಬರೆದ ಹನ್ನೊಂದು ವೈಜ್ಞಾನಿಕ ಕತೆಗಳು. ಅಲ್ಲಿಯವರೆಗೆ ರಾಕೆಟ್ಟು, ಬೇರೆ ಗ್ರಹ ಎಂದರೆ ಪತ್ರಿಕೆಯ ಮಕ್ಕಳ ಪುಟಕ್ಕೆ ಸಾಕು ಎಂದು ದೊಡ್ಡವರು ಮೂಗು ಮುರಿಯುತ್ತಿದ್ದರು. ಈ ಪುಸ್ತಕ ಬಂದ ಮೇಲೆ ಅದೇ ದೊಡ್ಡವರು ಅದರ ಮೇಲೆ ವಿಚಾರಸಂಕಿರಣ ನಡೆಸಿದರು. ದೂರದರ್ಶಕದ ಹಿಂದೆ ಕೂತು ಹೆಸರು ಮಾಡಿದ ಎಷ್ಟೋ ಜನ, ಶಾಲೆಯಲ್ಲಿದ್ದಾಗ ಇದನ್ನು ಓದಿಯೇ ನಮಗೆ ಹುಚ್ಚು ಹಿಡಿಯಿತು ಎಂದು ಸಂದರ್ಶನಗಳಲ್ಲಿ ಹೇಳಿದ್ದಾರೆ. ಹತ್ತು ಕತೆಗಳನ್ನು ಜನ ಅರ್ಧಂಬರ್ಧ ಮರೆತಿದ್ದಾರೆ. ಮರೆಯದೆ ಇರುವುದು ಕೊನೆಯದು, ಅಕ್ಕನದು. ಅದು ಅರ್ಧಕ್ಕೆ ನಿಂತ ರೀತಿಗೆ ಮರುಳಾಗಿ ಮುಂದಿನ ಇಪ್ಪತ್ತು ವರ್ಷ ನಮ್ಮ ಕತೆಗಾರರು ಯಾರೂ ಕತೆ ಮುಗಿಸಲೇ ಇಲ್ಲ. ಮೊಳೆ ಜೋಡಿಸುವವರಿಗೆ ತಲೆಗೊಂದು ಪುಟದ ಕೆಲಸ ಉಳಿಯಿತು, ಅಷ್ಟೇ ಲಾಭ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಎದುರಿಗೆ ಗೋಡೆಯಷ್ಟು ದೊಡ್ಡ ಹಲಗೆ, ಅದರ ತುಂಬ ಪುಟ್ಟ ಪುಟ್ಟ ದೀಪಗಳು. ಯಾವುದೋ ಊರಿನಿಂದ ಕರೆ ಬಂದರೆ ಒಂದು ದೀಪ ಹತ್ತುತ್ತದೆ. ಅಕ್ಕ ತಂತಿಯ ತುದಿಯನ್ನು ಅದರ ಕೆಳಗಿನ ತೂತಿಗೆ ಸಿಕ್ಕಿಸಿ ‘ಹೇಳಿ’ ಎನ್ನುತ್ತಾಳೆ. ದಿನಕ್ಕೆ ಐನೂರು ಸಲ ‘ಹೇಳಿ’. ಮನೆಗೆ ಬಂದ ಮೇಲೂ ನಾನು ಹಿಂದಿನಿಂದ ಕರೆದರೆ ‘ಹೇಳಿ’ ಎಂದುಬಿಡುತ್ತಿದ್ದಳು. ತಮ್ಮನಿಗೆ ಇಷ್ಟು ಮರ್ಯಾದೆ ಯಾಕೆ ಅಂತ ನಾವು ರೇಗಿಸುತ್ತಿದ್ದೆವು.

ಆಗ ಅಮ್ಮ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಳು. ಒಂದು ಮಧ್ಯಾಹ್ನ ಆ ಊರಿನ ದೀಪ ಹತ್ತಿತು. ಯಾರೋ ನರ್ಸು, ಇಲ್ಲೊಬ್ಬರಿಗೆ ಅರ್ಜೆಂಟಾಗಿ ಮಾತಾಡಬೇಕಂತೆ ಎಂದಳಂತೆ. ಅವತ್ತು ಲೈನುಗಳೆಲ್ಲ ತುಂಬಿಹೋಗಿದ್ದವು. ಎಲ್ಲರಿಗೂ ಹೇಳುವುದನ್ನೇ ಅಕ್ಕ ಹೇಳಿದಳು: ಸರದಿ ಇದೆ, ಕಾಯಿರಿ. ಇಪ್ಪತ್ತು ನಿಮಿಷದ ಮೇಲೆ ಆ ಸರದಿ ಬಂದಾಗ ತಂತಿ ಸಿಕ್ಕಿಸಿ ‘ಹೇಳಿ’ ಎಂದರೆ ಆ ಕಡೆ ಯಾರೂ ಇರಲಿಲ್ಲ. ಮಾತಾಡಬೇಕಾಗಿದ್ದವಳು ಅಮ್ಮ, ಮಾತಾಡಬೇಕಾಗಿದ್ದುದು ಅಕ್ಕನ ಜೊತೆಗೇ ಎನ್ನುವುದು ಎರಡು ದಿನದ ಮೇಲೆ ತಿಳಿಯಿತು. ನಿಮ್ಮ ತಾಯಿ ಕೊನೆಯ ಉಸಿರಿನವರೆಗೂ ರಿಸೀವರನ್ನು ಕಿವಿಗೆ ಹಿಡಿದುಕೊಂಡೇ ಇದ್ದರು ಎಂದು ಆ ನರ್ಸು ಹೇಳಿದಳು. ಒಳ್ಳೆಯ ಹೆಂಗಸು. ಹೇಳದೆ ಇದ್ದಿದ್ದರೆ ಇನ್ನೂ ಒಳ್ಳೆಯವಳಾಗುತ್ತಿದ್ದಳು.

ಆ ವರ್ಷ ಅಕ್ಕ ಕತೆ ಬರೆದಳು. ಅದರಲ್ಲೂ ಒಂದು ಎಕ್ಸ್‌ಚೇಂಜು, ಅದರ ಹಲಗೆಯ ಮೇಲಿನ ಮೂಲೆಯಲ್ಲಿ ಯಾವತ್ತೂ ಹತ್ತದ ಒಂದು ದೀಪ. ನಕ್ಷತ್ರದ ಕಡೆಗೆ ಹೋದ ನೌಕೆಯೊಂದರ ಲೈನು ಅದು. ಅಲ್ಲಿ ಆಡಿದ ಮಾತು ಇಲ್ಲಿಗೆ ಬರಲು ವರ್ಷಗಟ್ಟಲೆ ಬೇಕು. ಮೂವರು ಆಪರೇಟರುಗಳು ಕಾದು ಮುದುಕಿಯರಾಗಿ ಹೋದರು. ನಾಲ್ಕನೆಯವಳ ಕಾಲದಲ್ಲಿ ಒಂದು ಮಧ್ಯಾಹ್ನ ಆ ದೀಪ ಹತ್ತುತ್ತದೆ. ‘ಅವಳು ತಂತಿಯ ತುದಿಯನ್ನು ಕೈಗೆತ್ತಿಕೊಂಡಳು.’ ಇಲ್ಲಿಗೆ ನೂರ ಎಪ್ಪತ್ತಾರನೆಯ ಪುಟ ಮುಗಿಯುತ್ತದೆ. ಪುಸ್ತಕವೂ ಮುಗಿಯುತ್ತದೆ.

ಆ ಕಡೆಯ ದನಿ ಏನು ಹೇಳಿತು ಎನ್ನುವುದು ನೂರ ಎಪ್ಪತ್ತೇಳರಲ್ಲಿತ್ತು. ಹಸ್ತಪ್ರತಿಯನ್ನು ನನ್ನ ಕೈಗೆ ಕೊಡುವಾಗ ಅಕ್ಕ ಹೇಳಿದ್ದಳು: “ಕೊನೇ ಹಾಳೆ ಜೋಪಾನ ಕಣೋ. ಅಮ್ಮ ಇರೋದು ಅಲ್ಲೇ.” ಎಕ್ಸ್‌ಚೇಂಜಿನ ಹಳೆಯ ದೂರಿನ ಚೀಟಿಗಳ ಹಿಂಬದಿಯಲ್ಲಿ ಬರೆದಿದ್ದಳು. ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ತಮ್ಮ ಕೆಲಸ ಮಾಡುವ ಪ್ರೆಸ್ಸು, ಇನ್ನೆಲ್ಲಿ ಹೋಗುತ್ತದೆ ಎಂಬ ನಂಬಿಕೆ.

ನಮ್ಮ ಪ್ರೆಸ್ಸಿನಲ್ಲಿ ಒಂದು ದೊಡ್ಡ ಹಾಳೆಗೆ ಹದಿನಾರು ಪುಟ ಕೂರುತ್ತಿದ್ದವು. ಹನ್ನೊಂದು ಹಾಳೆಗೆ ನೂರ ಎಪ್ಪತ್ತಾರು. ಹೀಗೆ ಒಂದು ಪುಟ ಹೆಚ್ಚಾದರೆ ಹಿಂದಿನ ಪುಟಗಳ ಸಾಲುಗಳ ನಡುವಿನ ಸೀಸದ ಪಟ್ಟಿಗಳನ್ನು ತೆಗೆದು, ಅಲ್ಲೆರಡು ಇಲ್ಲೆರಡು ಸಾಲು ಬಿಗಿ ಮಾಡಿ, ಆ ಪುಟವನ್ನು ಒಳಗೆ ನುಂಗಿಸುತ್ತಿದ್ದೆವು. ಅರ್ಧ ದಿನದ ಕೆಲಸ. ನಾನು ಪುಟ ಜೋಡಿಸಿ, ದಾರ ಸುತ್ತಿ ಬಿಗಿದು, ನಾಳೆ ಕೂರಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕಣ್ಣು ಉರಿಯಲು ಶುರುವಾಯಿತು. ಊರಿನಲ್ಲೆಲ್ಲ ಕೆಂಗಣ್ಣು ಹಬ್ಬಿತ್ತು. ನನ್ನನ್ನು ನೋಡಿದ ಫೋರ್‌ಮನ್ ಹತ್ತು ಅಡಿ ದೂರ ನಿಂತು, ಮೊದಲು ಮನೆಗೆ ಹೋಗಯ್ಯ, ನಮ್ಮನ್ನೆಲ್ಲ ಕುರುಡು ಮಾಡಬೇಡ ಎಂದರು.

ಪ್ರೆಸ್ಸಿನಲ್ಲಿ ಎರಡು ಕಪಾಟುಗಳಿದ್ದವು. ಬಾಗಿಲ ಬಳಿಯದರಲ್ಲಿ ಇನ್ನೂ ಅಚ್ಚಾಗಬೇಕಾದ ಪುಟಗಳು. ಕಿಟಕಿ ಬಳಿಯದರಲ್ಲಿ ಅಚ್ಚಾಗಿ ಕೆಲಸ ಮುಗಿದವು, ದಾರ ಬಿಚ್ಚಿ ಮೊಳೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿ ಆಯಾ ಅಕ್ಷರದ ಮನೆಗೆ ಹಾಕಬೇಕಾದವು. ಅವತ್ತು ಬಾಗಿಲ ಬಳಿಯ ಕಪಾಟು ತುಂಬಿತ್ತು. ನಾನು ಅರೆಗಣ್ಣಿನಲ್ಲೇ ಪುಟವನ್ನು ಕಿಟಕಿ ಬಳಿ ಇಟ್ಟು, ಯಾರಿಗೂ ಒಂದು ಮಾತು ಹೇಳದೆ ಮನೆಗೆ ಹೋದೆ.

ನಾಲ್ಕನೆಯ ದಿನ ಬಂದಾಗ ಹನ್ನೊಂದನೆಯ ಹಾಳೆ ಅಚ್ಚಾಗಿ ಮಡಿಸುವ ಮೇಜಿನ ಮೇಲಿತ್ತು. ಪುಟ ಮಾತ್ರ ಇಟ್ಟಲ್ಲೇ, ಇಟ್ಟ ಹಾಗೇ ಇತ್ತು. ಕಿಟಕಿ ಬಳಿ ಇದ್ದದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ. ಆ ಪುಟದ ಪ್ರೂಫು ಇನ್ನೂ ತೆಗೆದಿರಲಿಲ್ಲ. ಹಸ್ತಪ್ರತಿಯ ಕಾಗದಗಳು ಆ ವಾರದ ರದ್ದಿಯ ಜೊತೆ ಹೊರಟುಹೋಗಿದ್ದವು. ಆಗಲಾದರೂ ಹೇಳಬಹುದಾಗಿತ್ತು. ಒಂದು ಬಿಡಿ ಹಾಳೆ ಅಚ್ಚು ಹಾಕಿ ಕೊನೆಯಲ್ಲಿ ಅಂಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ತಿಂಗಳಷ್ಟೇ ನಾನು ಒಬ್ಬ ವಕೀಲರ ಕಾಗದದ ಮೇಲೆ ಅವರ ಎದುರಾಳಿಯ ವಿಳಾಸ ಹಾಕಿ ಮಾಲೀಕರ ಕೈಲಿ ಸಿಕ್ಕಿಬಿದ್ದಿದ್ದೆ. ಇನ್ನೊಂದು ತಪ್ಪು ಮಾಡು, ಬಾಗಿಲು ಅಲ್ಲಿದೆ ಎಂದಿದ್ದರು. ನನಗಾಗ ಇಪ್ಪತ್ತೆರಡು ವರ್ಷ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ದಾರ ಬಿಚ್ಚಿದೆ. ಅರ್ಧ ಗಂಟೆಯಲ್ಲಿ ಅಮ್ಮನ ಪುಟ ಚೂರು ಚೂರಾಗಿ ಮನೆಗಳಿಗೆ ಬಿತ್ತು. ಮರುದಿನ ಅದೇ ಮೊಳೆಗಳಿಂದ ಒಂದು ಸಾಬೂನಿನ ಜಾಹೀರಾತು ಜೋಡಿಸಿದೆ.

ಪುಸ್ತಕ ಕೈಗೆ ಬಂದ ದಿನ ಅಕ್ಕ ಕೊನೆಯ ಪುಟ ತಿರುವಿ, ಹಿಂದಿನ ರಟ್ಟು ನೋಡಿ, ಮತ್ತೆ ತಿರುವಿ ಹಾಕಿದಳು. ಕೊನೇ ಹಾಳೆ ಜೋಡಿಸಿದ್ದೆಯೇನೋ ಎಂದು ಮೆಲ್ಲಗೆ ಕೇಳಿದಳು.

“ಜೋಡಿಸಿದ್ದೆ ಅಕ್ಕ,” ಎಂದೆ. “ಮೇಲಿನವರು ತೆಗೆಸಿರಬೇಕು.”

ಮೇಲಿನವರು ಎಂದರೆ ಸಂಪಾದಕರು. ಅಕ್ಕ ಅವರಿಗೆ ಒಂದು ಕಾಗದ ಬರೆದಳು. ಅಷ್ಟು ಹೊತ್ತಿಗೆ ಆ ಅಂತ್ಯವನ್ನು ಹೊಗಳಿ ಓದುಗರ ಪತ್ರಗಳು ರಾಶಿ ಬಿದ್ದಿದ್ದವು. ನಾನು ತೆಗೆಸಿಲ್ಲ, ಏನಾಯಿತೋ ಗೊತ್ತಿಲ್ಲ ಎಂದು ಆ ಮನುಷ್ಯ ಒಂದು ಸಾಲು ಬರೆದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವರು ಬರೆದದ್ದೇ ಬೇರೆ. ‘ಕತ್ತರಿ ಆಡಿಸುವುದು ಸಂಪಾದಕನ ಹಕ್ಕು. ಮುಂದೊಂದು ದಿನ ನೀವೇ ನನಗೆ ಕೃತಜ್ಞರಾಗುತ್ತೀರಿ.’ ಆಮೇಲೆ ‘ಎಲ್ಲಿ ನಿಲ್ಲಿಸಬೇಕು’ ಎಂದು ಪ್ರಬಂಧವನ್ನೂ ಬರೆದರು. ಅದೂ ಪಠ್ಯವಾಯಿತು. ಕದ್ದವನು ನಾನು, ಮಾಲು ನನ್ನದು ಎಂದವರು ಅವರು. ಅಕ್ಕ ಇಬ್ಬರನ್ನೂ ಒಟ್ಟಿಗೆ ಬೈಯಬೇಕಾಗಿತ್ತು. ಅವರನ್ನು ಮಾತ್ರ ಬೈದಳು, ಅದೂ ಮನೆಯೊಳಗೆ. ಮತ್ತೆ ಒಂದು ಕತೆಯನ್ನೂ ಬರೆಯಲಿಲ್ಲ.

ಆ ಪುಟವನ್ನೇ ಮತ್ತೆ ಬರೆದಿಡು ಎಂದು ನಾನು ಎಷ್ಟೋ ಸಲ ಹೇಳಿದೆ. ಬರೆದರೆ ಅಚ್ಚು ಹಾಕುವವರು ಯಾರು, ನನಗಂತೂ ಬಾಯಿಪಾಠ ಇದೆ, ಎಲ್ಲಿಗೂ ಓಡಿಹೋಗಲ್ಲ ಎನ್ನುತ್ತಿದ್ದಳು.

ಈ ವರ್ಷದ ಆರಂಭದಲ್ಲಿ ಒಂದು ಬೆಳಗ್ಗೆ ಅವಳು ಹಲ್ಲುಜ್ಜುತ್ತಿದ್ದಾಗ ಬಿದ್ದಳು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು. ಎಲ್ಲ ಮಾತೂ ಹೋಗಿ ಒಂದೇ ಒಂದು ಉಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಹೆಸರು ಕೇಳಿದರೆ “ಹೇಳಿ” ಎಂದಳು. ಮಗಳು ಅತ್ತರೆ “ಹೇಳಿ” ಎಂದಳು. ಹಸಿವಿಗೂ ಅದೇ, ನೋವಿಗೂ ಅದೇ, ಪಕ್ಕದ ಹಾಸಿಗೆಯ ಗೊರಕೆಗೂ ಅದೇ. ಮಾತಿನ ಚಿಕಿತ್ಸೆ ಮಾಡುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿ ವಿವರಿಸಿದಳು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ನೆನಪುಗಳೂ ಇವೆ, ಹೊರಗೆ ತರುವ ದಾರಿ ಮಾತ್ರ ಮುಚ್ಚಿದೆ ಎಂದಳು. ತೆರೆಯುತ್ತದೆಯೇ ಎಂದು ಕೇಳಿದ್ದಕ್ಕೆ, ಈ ವಯಸ್ಸಿನಲ್ಲಿ ಹೇಳಲಾಗದು ಎಂದಳು.

ಸರಿಯಾಗಿ ಆಗ ‘ಹನ್ನೊಂದು ಆಕಾಶ’ಕ್ಕೆ ನಲವತ್ತು ತುಂಬಿ ಹೊಸ ಆವೃತ್ತಿ ಹೊರಟಿತು. ಸಂಪಾದಕರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಮೊಮ್ಮಗಳು ಆ ಕೆಲಸ ವಹಿಸಿಕೊಂಡಿದ್ದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಬಂದಿದ್ದ ಅಕ್ಕನನ್ನು ನೋಡಲು ಮನೆಗೇ ಬಂದಳು. ನಾನು ಒಳಗೊಳಗೇ ಹಲ್ಲು ಕಡಿಯುತ್ತ ಬಾಗಿಲು ತೆಗೆದರೆ, ಒಳ್ಳೆಯ ಹುಡುಗಿ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಅಕ್ಕನ ಎಡಗೈ ಹಿಡಿದುಕೊಂಡಳು.

“ತಾತ ಕತ್ತರಿಸಿದ್ದು ತಪ್ಪು ಅಂತ ನನಗನ್ನಿಸುತ್ತೆ, ಅಮ್ಮಾ. ಕೊನೇ ಪುಟ ನಿಮ್ಮ ಹತ್ರ ಇದ್ರೆ ಕೊಡಿ. ಒಂದಕ್ಷರ ಮುಟ್ಟದೆ ಹಾಕ್ತೀನಿ. ಇನ್ನೂ ಮೂರು ವಾರ ಟೈಮಿದೆ.”

ಅಕ್ಕನ ಮುಖದ ಎಡಭಾಗ ಅರಳಿದ್ದನ್ನು ನಾನು ನೋಡಿದೆ. ತಲೆದಿಂಬಿನಿಂದ ತಲೆ ಎತ್ತಿದಳು. “ಹೇಳಿ,” ಎಂದಳು. “ಹೇಳಿ, ಹೇಳಿ, ಹೇಳಿ.” ನಲವತ್ತು ವರ್ಷ ಕಾದ ಮಾತು ಗಂಟಲವರೆಗೆ ಬಂದು ಈ ಒಂದೇ ಶಬ್ದವಾಗಿ ಹೊರಬೀಳುತ್ತಿತ್ತು. ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮೂರು ವಾರದಲ್ಲಿ ಮಾಡದೆ ಬಿಟ್ಟದ್ದಿಲ್ಲ. ಎಡಗೈಗೆ ಪೆನ್ಸಿಲ್ ಕೊಟ್ಟೆವು, ಗೀರು ಬಂತು. ಪ್ರೆಸ್ಸು ಮುಚ್ಚಿದಾಗ ನೆನಪಿಗೆಂದು ತಂದಿಟ್ಟುಕೊಂಡಿದ್ದ ಹಳೆಯ ಮೊಳೆಗಳ ಪೆಟ್ಟಿಗೆಯನ್ನು ನಾನು ಹೊತ್ತು ತಂದೆ. ದೊಡ್ಡ ಅಕ್ಷರಗಳನ್ನು ಅವಳ ಮಡಿಲಲ್ಲಿ ಹರಡಿ, ಒಂದೊಂದೇ ಆರಿಸಿಕೊಡು ಅಕ್ಕ, ನಾನು ಜೋಡಿಸುತ್ತೇನೆ ಎಂದೆ. ಅವಳು ತುಂಬ ಯೋಚಿಸಿ, ಹುಬ್ಬು ಗಂಟಿಕ್ಕಿಕೊಂಡು, ಒಂದೊಂದೇ ಆರಿಸಿ ನನ್ನ ಅಂಗೈಗೆ ಇಟ್ಟಳು. ಜೋಡಿಸಿದರೆ ಅದು ಯಾವ ಪದವೂ ಅಲ್ಲ. ಅವಳಿಗೂ ಅದು ಗೊತ್ತಾಗುತ್ತಿತ್ತು. ಅದೇ ಎಲ್ಲಕ್ಕಿಂತ ಕಷ್ಟವಾಗಿದ್ದು. ಐದನೆಯ ದಿನ ಪೆಟ್ಟಿಗೆಯನ್ನು ಎಡಗೈಯಿಂದ ತಳ್ಳಿಬಿಟ್ಟಳು. ಮೊಳೆಗಳು ಮಂಚದ ಕೆಳಗೆಲ್ಲ ಚೆಲ್ಲಿದವು.

ಅಕ್ಕನ ಮಗಳು ನನ್ನನ್ನು ಹಿಡಿದುಕೊಂಡಳು. ಮಾವ, ನೀನೇ ಜೋಡಿಸಿದ್ದಲ್ಲವಾ, ನಿನಗೊಂದು ಸಾಲೂ ನೆನಪಿಲ್ಲವಾ ಎಂದಳು. ಇದನ್ನು ಹೇಗೆ ವಿವರಿಸಲಿ? ಮೊಳೆ ಜೋಡಿಸುವವನು ಓದುವುದಿಲ್ಲ. ನಾಲ್ಕು ಪದ ನೋಡುತ್ತಾನೆ, ಕೈ ಆ ನಾಲ್ಕನ್ನು ಹೆಕ್ಕುತ್ತದೆ, ಮತ್ತೆ ನಾಲ್ಕು ನೋಡುತ್ತಾನೆ. ಮೊಳೆಯ ಮುಖದಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿರುತ್ತದೆ. ಅರ್ಥ ತಲೆಗೆ ಹತ್ತಿದರೆ ಕೈ ನಿಧಾನವಾಗುತ್ತದೆ ಎಂದು ಫೋರ್‌ಮನ್ ಬೈಯುತ್ತಿದ್ದರು. ಅಚ್ಚಾದ ಮೇಲೆ ಮನೆಯಲ್ಲಿ ಕೂತು ನೆಮ್ಮದಿಯಾಗಿ ಓದೋಣ ಎಂದುಕೊಂಡಿದ್ದೆ. ಒಂದು ಮಾತ್ರ ನೆನಪಿದೆ. ಆ ಪುಟಕ್ಕೆ ‘ಮ’ಕಾರದ ಒತ್ತು ಸಾಲದೆ ಪಕ್ಕದವನ ಪೆಟ್ಟಿಗೆಯಿಂದ ಸಾಲ ತಂದಿದ್ದೆ. ಅಮ್ಮ ಎಂದು ಅಷ್ಟು ಸಲ ಇತ್ತೋ, ನಮ್ಮ ತಮ್ಮ ಎಂದಿತ್ತೋ, ಸುಮ್ಮನೆ ಎಂದಿತ್ತೋ ದೇವರಿಗೇ ಗೊತ್ತು.

ಹಾಗಾದರೆ ನೀನೇ ಏನಾದರೂ ಬರೆದು ಓದು, ಸರಿ ಇದ್ದರೆ ಅಮ್ಮ ತಲೆಯಾಡಿಸುತ್ತಾಳೆ ಎಂದಳು ಅವಳು. ಬರೆದೆ. ನಮ್ಮ ಅಮ್ಮ ಹೇಗೆ ಮಾತಾಡುತ್ತಿದ್ದಳೋ ಹಾಗೆ ಬರೆದೆ. ಊಟ ಮಾಡಿದೆಯಾ ಎಂದು ಕೇಳಿಸಿದೆ. ನಿನ್ನ ತಪ್ಪಿಲ್ಲ ಮಗಳೇ ಎಂದು ಹೇಳಿಸಿದೆ. ಅಳುವಂತೆ ಒಂದು, ನಗುವಂತೆ ಒಂದು, ಬರೀ ಉಸಿರಿನ ಸದ್ದು ಕೇಳುವಂತೆ ಒಂದು. ಒಟ್ಟು ಹದಿನಾಲ್ಕು. ಅಕ್ಕ ಒಂದೊಂದನ್ನೂ ಕಣ್ಣು ಮುಚ್ಚಿ ಕೇಳಿದಳು. ಪ್ರತಿ ಸಲವೂ ನಡುವೆಯೇ ಎಡಗೈಯನ್ನು ಅಡ್ಡಡ್ಡ ಆಡಿಸಿದಳು. ಹದಿನಾಲ್ಕನೆಯದಕ್ಕೆ ಕೈ ಎತ್ತಲೂ ಇಲ್ಲ, ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನಾನು ಒರೆಸಿದೆ. ಒರೆಸುತ್ತಿದ್ದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ.

“ಅಕ್ಕ, ಅವರು ತೆಗೆಸಲಿಲ್ಲ. ನಾನು ಕಿಟಕಿ ಕಪಾಟಿನಲ್ಲಿ ಇಟ್ಟು ಮನೆಗೆ ಬಂದುಬಿಟ್ಟೆ. ವಾಪಸ್ ಹೋದಾಗ ಪುಟ ಅಲ್ಲೇ ಇತ್ತು. ಹೆದರಿಕೊಂಡು ಬಿಚ್ಚಿಹಾಕಿದೆ. ನಾನೇ ಬಿಚ್ಚಿಹಾಕಿದೆ.”

ಅವಳು “ಹೇಳಿ” ಎನ್ನುತ್ತಾಳೆಂದು ಕಾದೆ. ಎಲ್ಲಕ್ಕೂ ಎನ್ನುತ್ತಿದ್ದಳು, ಗೊರಕೆಗೂ ಎನ್ನುತ್ತಿದ್ದಳು. ಎನ್ನಲಿಲ್ಲ. ನನ್ನನ್ನು ತುಂಬ ಹೊತ್ತು ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬೈಯಲು ಮಾತಿದ್ದಾಗ ಹೇಳಲಿಲ್ಲ, ಮಾತು ಹೋದ ಮೇಲೆ ಹೇಳಿದೆ. ಹೇಡಿತನದಲ್ಲಿ ನನ್ನದು ಎತ್ತಿದ ಕೈ.

ಮರುದಿನ ಹೊಸ ಸಂಪಾದಕಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

“ತಾತನ ಪ್ರಬಂಧವೂ ಇದೇ ಪುಸ್ತಕದಲ್ಲಿದೆ ಸರ್. ಮುನ್ನುಡಿಯೆಲ್ಲ ಅದರ ಮೇಲೇ ನಿಂತಿದೆ,” ಎಂದಳು. “ನೀವು ಹೇಳಿದ್ದು ನಂಬ್ತೀನಿ. ಆದರೆ ಪುಟ ಅಂತೂ ಬರಲ್ಲವಲ್ಲ. ಪುಟಾನೇ ಇಲ್ಲದೆ ಇದನ್ನ ಏನು ಮಾಡಲಿ, ನೀವೇ ಹೇಳಿ.”

ಕೊನೆಗೆ ಅವಳೇ, ಮುಂದಿನ ಮುದ್ರಣದಲ್ಲಿ ಒಂದು ಅಡಿಟಿಪ್ಪಣಿ ಹಾಕಬಹುದೇನೋ ನೋಡೋಣ ಎಂದಳು. ಅವಳ ತಪ್ಪೇನೂ ಇಲ್ಲ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಅನ್ನಿಸಿತು.

ಒಂಬತ್ತು ದಿನ ಅಕ್ಕ ಬಾಯಿ ಬಿಡಲಿಲ್ಲ. ಮಗಳಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಇದ್ದ ಒಂದು ಮಾತೂ ಹೋಯಿತಾ ಮಾವ ಎಂದು ಮಗಳು ಗಾಬರಿಯಾದಳು. ಹೋಗಿದ್ದಲ್ಲ, ನನ್ನಿಂದಾಗಿ ನಿಂತಿದ್ದು ಎಂದು ಅವಳಿಗೂ ಎಲ್ಲ ಹೇಳಿದೆ. ಅವಳು ಎರಡು ದಿನ ನನಗೆ ಕಾಫಿ ಕೊಡಲಿಲ್ಲ. ನಾನು ದಿನವೂ ಬಂದು ಸ್ಟೂಲಿನಲ್ಲಿ ಕೂತು, ಗೋಡೆ ಕಡೆ ತಿರುಗಿದ ಅಕ್ಕನ ಬೆನ್ನು ನೋಡಿ ಎದ್ದು ಹೋಗುತ್ತಿದ್ದೆ.

ಹತ್ತನೆಯ ದಿನ ಬೆಳಗ್ಗೆ ಹೊಸ ಪುಸ್ತಕ ಬಂತು. ಗಟ್ಟಿ ರಟ್ಟು, ಮಿರುಗುವ ಕಾಗದ. ಮೊಳೆಯ ಕಾಲ ಮುಗಿದು ಯಾವ ಕಾಲವಾಯಿತೋ, ಈಗ ಬೇಕಾದರೆ ನಿಮಿಷಕ್ಕೊಂದು ಪುಟ ಸೇರಿಸಬಹುದು. ಓದಲೇ ಎಂದು ಬೆನ್ನಿಗೇ ಕೇಳಿದೆ. ಆಮೇಲೆ ಓದತೊಡಗಿದೆ. ಅವಳ ಕತೆಯನ್ನು ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಮೊದಲನೆಯ ಆಪರೇಟರ್ ಮುದುಕಿಯಾದಳು, ಎರಡನೆಯವಳೂ ಆದಳು. ಮೂರನೆಯವಳ ಹೊತ್ತಿಗೆ ಅಕ್ಕ ನಿಧಾನವಾಗಿ ಈ ಕಡೆ ಹೊರಳಿದಳು. ನಾಲ್ಕನೆಯವಳ ಕಾಲದಲ್ಲಿ ಮೂಲೆಯ ದೀಪ ಹತ್ತಿತು. ‘ಅವಳು ತಂತಿಯ ತುದಿಯನ್ನು ಕೈಗೆತ್ತಿಕೊಂಡಳು,’ ಎಂದು ಓದಿ ನಿಲ್ಲಿಸಿದೆ. ಪುಸ್ತಕ ಮುಚ್ಚಲು ಹೋದೆ.

ಅಕ್ಕ ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಅವಳಲ್ಲಿ ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

“ಹೇಳಿ,” ಎಂದಳು.

“ಇಷ್ಟೇ ಇರೋದು ಅಕ್ಕ.”

ಕೈ ಬಿಡಲಿಲ್ಲ. ನನ್ನ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ. ನಾನು ಪುಟ ತಿರುವಿದೆ. ಖಾಲಿ ಕಾಗದ, ಅದರ ಹಿಂದೆ ರಟ್ಟು.

“ಹೇಳಿ,” ಎಂದಳು ಅಕ್ಕ, ಕಾಯುತ್ತ.